ಸಾವಿನ ಮನೆಯ ಡಿಸ್ಕೋ

ಆ ಹಾಡಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮ ಕಾಲು ತಾನಾಗಿಯೇ ತಾಳ ಹಾಕತೊಡಗುತ್ತದೆ, ಆಮೇಲೆ ನನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬೆಲ್‌ಬಾಟಂ ಪ್ಯಾಂಟಿನ ಕಾಲದ ಒಂದು ಹಿಂದಿ ಡಿಸ್ಕೋ ಹಾಡು ಎಂದರೆ ಸಾಕು. ದೊಡ್ಡ ಊರುಗಳ ಕ್ಲಬ್ಬುಗಳಲ್ಲಿ ಬಣ್ಣದ ದೀಪದ ಕೆಳಗೆ ಕುಣಿಯಲೆಂದೇ ಮಾಡಿದ್ದು. ಈಗಲೂ ಎಲ್ಲಾದರೂ ಕೇಳಿಸಿದರೆ ಐವತ್ತು ದಾಟಿದ ಗಂಡಸರು ಹೊಟ್ಟೆ ಒಳಗೆಳೆದುಕೊಂಡು ಎದ್ದು ನಿಲ್ಲುತ್ತಾರೆ.

ನನಗೆ ಮಾತ್ರ ಮೊದಲು ವಿಭೂತಿಯ ವಾಸನೆ ಬರುತ್ತದೆ. ಆಮೇಲೆ ಗೋಡೆಗೆ ಒರಗಿಸಿ ಕೂರಿಸಿದ ಹೆಣ ಕಣ್ಣಿಗೆ ಕಟ್ಟುತ್ತದೆ. ಹೀಗೆಂದರೆ ನನ್ನ ಗಂಡ, "ನಿನ್ನ ತಲಿ ಸರಿ ಇಲ್ಲ" ಎನ್ನುತ್ತಾರೆ. ಅವರು ಜಹೀರಾಬಾದಿನಲ್ಲೇ ಹುಟ್ಟಿ ಬೆಳೆದವರು, ಅವರಿಗೇನು ಗೊತ್ತು. ನನ್ನ ತವರು ನಾರಾಯಣಖೇಡದಿಂದ ಮನೂರಿನ ಕಡೆ ಹೋಗುವ ದಾರಿಯ ಒಂದು ಹಳ್ಳಿ. ಆ ಸುತ್ತಿನ ನಾಲ್ಕಾರು ಊರುಗಳಲ್ಲಿ ನನ್ನ ವಯಸ್ಸಿನ ಯಾರನ್ನು ಬೇಕಾದರೂ ಕೇಳಿ, ಅದು ಸತ್ತವರ ಮನೆಯ ಭಜನೆ ಎಂದೇ ಹೇಳುತ್ತಾರೆ. ಹಾಗೆ ಮಾಡಿಟ್ಟವನು ನಮ್ಮಪ್ಪ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ಮೈತುಂಬ ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ತಲೆ ಮುಂದೆ ಬೀಳದಂತೆ ಹಣೆಗೊಂದು ಬಟ್ಟೆ ಸುತ್ತಿ ಹಿಂದಕ್ಕೆ ಕಟ್ಟಿರುತ್ತಾರೆ. ದೂರದ ನೆಂಟರು ಬರುವವರೆಗೆ ಎದುರಿಗೆ ಭಜನೆ. ಆಮೇಲೆ ವಿಮಾನ ಎನ್ನುವ ಮರದ ಪಲ್ಲಕ್ಕಿಯಲ್ಲಿ ಕೂರಿಸಿಕೊಂಡು ಹೊಲಕ್ಕೆ ಹೋಗುವುದು, ಸಮಾಧಿಯ ಒಳಗೂ ಕೂರಿಸಿಯೇ ಮಣ್ಣು ಹಾಕುವುದು. ಹೊರಗಿನವರು ಇದನ್ನು ನೋಡಿ ಬೆಚ್ಚುತ್ತಾರಂತೆ. ನನಗೆ ಮಲಗಿದ ಹೆಣ ನೋಡಿದರೆ ಭಯ. ಕೂತವರಾದರೆ ಮನೆಗೆ ಬಂದ ಹಿರಿಯರ ಹಾಗೆ ಕಾಣುತ್ತಾರೆ, ಚಹಾ ಕೊಡಬೇಕೇನೋ ಅನ್ನಿಸುತ್ತದೆ.

ಅಪ್ಪ ತೊಗರಿ, ಜೋಳ ಬೆಳೆಯುತ್ತಿದ್ದ. ಆದರೆ ಅವನ ಜೀವವೆಲ್ಲ ಭಜನೆಯಲ್ಲಿತ್ತು. ಊರಿನ ಮಂಡಳಿಗೆ ಅವನೇ ಮುಂದಾಳು, ಹಾರ್ಮೋನಿಯಂ ಅವನದೇ. ಸಿನಿಮಾ ಹಾಡಿನ ಧಾಟಿ ಎತ್ತಿಕೊಂಡು ಅದಕ್ಕೆ ಶಿವನ ಪದ ಕೂಡಿಸುವುದು ಭಜನೆಯವರಿಗೆ ಹೊಸದಲ್ಲ, ಅಪ್ಪನೂ ಆ ಕೆಲಸದಲ್ಲಿ ಪಳಗಿದವನು. ಒಮ್ಮೆ ತೊಗರಿ ಮಾರಲು ತಾಂಡೂರಿಗೆ ಹೋದಾಗ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಟೇಪಿಗೆ ಈ ಹಾಡು ಹಾಕಿದ್ದರಂತೆ. ಚಹಾದ ಮೇಲೆ ಚಹಾ ಕುಡಿಯುತ್ತ ಕೂತುಬಿಟ್ಟನಂತೆ. ಹಾಡಿನ ಮಾತು ಅವನಿಗೆ ಬೇಕಿರಲಿಲ್ಲ. ಧಾಟಿಯೊಂದನ್ನು ಬಾಯಲ್ಲಿ ಇಟ್ಟುಕೊಂಡು, ತುಟಿ ತೆರೆದರೆ ಚೆಲ್ಲಿಹೋದೀತೆಂದು ದಾರಿಯುದ್ದಕ್ಕೂ ಯಾರ ಜೊತೆಗೂ ಮಾತಾಡದೆ ಊರಿಗೆ ಬಂದ.

ಅವ್ವ ಇದನ್ನು ಹೇಳಿಕೊಂಡು ನಗುತ್ತಿದ್ದಳು. "ನಾ ಏನ್ ಕೇಳಿದ್ರೂ ಹೂಂ ಇಲ್ಲ, ಹಾಂ ಇಲ್ಲ. ಯಾರರ ಮಾಟ ಮಾಡ್ಯಾರೇನೋ ಅಂತ ಹೆದರಿದ್ದೆ. ಹಾರ್ಮೋನಿ ಮುಂದ ಕುಂತ್ ಮ್ಯಾಲೇ ಬಾಯಿ ಬಿಟ್ಟ."

ಅಪ್ಪ ಕೂಡಿಸಿದ ಪದ ಹೀಗಿತ್ತು: "ನಿಲ್ಲೋ ನಿಲ್ಲೋ ಶಿವನೇ, ನಿನ್ನ ಹಿಂದೆ ನಾನೂ ಬರುವೆನೇ." ದೊಡ್ಡ ಕವಿತ್ವವೇನಲ್ಲ. ಆದರೆ ಧಾಟಿಯ ಒಳಗುಟ್ಟನ್ನು ಅವನು ಸರಿಯಾಗಿ ಹಿಡಿದಿದ್ದ. ಮೂಲ ಹಾಡಿನಲ್ಲಿ ಪಲ್ಲವಿಗೆ ಮೊದಲು ಒಂದು ಜಾಗವಿದೆ. ಅಲ್ಲಿ ಡ್ರಮ್ಮು, ಗಿಟಾರು, ಪಿಟೀಲು ಎಲ್ಲ ಒಟ್ಟಿಗೆ ನಿಂತುಬಿಡುತ್ತವೆ. ಹಾಡುವ ಹೆಂಗಸು ಉಸಿರು ಎಳೆದುಕೊಳ್ಳುವುದಷ್ಟೇ ಕೇಳುತ್ತದೆ. ಮರುಕ್ಷಣ ಎಲ್ಲ ಒಟ್ಟಿಗೆ ಧಡ್ ಎಂದು ಬೀಳುತ್ತದೆ. ಅಪ್ಪ ಆ ಜಾಗಕ್ಕೆ ಕೊನೆಯ "ನಿಲ್ಲೋ" ಇಟ್ಟಿದ್ದ. "ನಿಲ್ಲೋ" ಎಂದ ಕೂಡಲೇ ತಾಳ, ತಬಲಾ, ಹಾರ್ಮೋನಿಯಂ ಎಲ್ಲ ನಿಲ್ಲಬೇಕು. ಅಪ್ಪ ಬೆರಳೆತ್ತಿ, ಕಣ್ಣು ಮುಚ್ಚಿ, ತಲೆ ನೆಟ್ಟಗೆ ಹಿಡಿದು ಕಲ್ಲಿನಂತೆ ಕೂರುತ್ತಿದ್ದ. ಆಮೇಲೆ ಅವನ ತಲೆ ಬಾಗುತ್ತಿತ್ತು, ಅದೇ ಗುರುತು, ಎಲ್ಲ ತಾಳಗಳೂ ಒಟ್ಟಿಗೆ ಬೀಳುತ್ತಿದ್ದವು. ನೋಡುತ್ತ ಕೂತವರ ಉಸಿರೂ ಅಷ್ಟು ಹೊತ್ತು ನಿಂತಿರುತ್ತಿತ್ತು.

ಮೊದಲ ಸಲ ಅದನ್ನು ಹಾಡಿದ್ದು ಒಬ್ಬ ಮುದುಕಿ ತೀರಿಹೋದ ಮನೆಯಲ್ಲಿ. ಎಲ್ಲರೂ ಮೆಚ್ಚಿದರು. ಮುಂದಿನ ಸಾವಿನ ಮನೆಯವರೂ ಅದನ್ನೇ ಕೇಳಿದರು, ಅದರ ಮುಂದಿನವರೂ ಕೇಳಿದರು. ಕಡೆಗೆ ಒಂದು ಸೋಮವಾರ ಗುಡಿಯಲ್ಲಿ ಅಪ್ಪ ಅದನ್ನು ಎತ್ತಿಕೊಂಡಾಗ ಹಿರಿಯರೊಬ್ಬರು ಅವನ ಕೈಯನ್ನೇ ಹಿಡಿದರು. "ಯಾರನ್ನ ಕುಂಡ್ರಿಸ್ಯಾರಂತ ಈ ಹಾಡ ಹಾಡಾಕ ಹತ್ತೀದಿ?" ಎಂದರು. ಅಲ್ಲಿಗೆ ಅದು ಸತ್ತವರ ಹಾಡಾಯಿತು. ನಾವು ಮಕ್ಕಳು ಗುನುಗಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು.

ಹಾಡು ಬೇರೆಯವರದು ಎಂಬುದು ನನಗೆ ತಿಳಿದದ್ದು ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ. ಅಪ್ಪನ ಜೊತೆ ಬಂದಿದ್ದೆ. ಉರಿಬಿಸಿಲು, ಎದುರಿಗೆ ಕಬ್ಬಿನ ಹಾಲು ಕುಡಿಯುವ ಜನ. ಕ್ಯಾಸೆಟ್ ಅಂಗಡಿಯಿಂದ ನಮ್ಮ ಊರಿನ ಸಾವಿನ ಹಾಡು ಬರುತ್ತಿತ್ತು, ಗಟ್ಟಿಯಾದ ಡ್ರಮ್ಮಿನ ಜೊತೆ, ಒಬ್ಬ ಹೆಂಗಸಿನ ದನಿಯಲ್ಲಿ. ಆ ದನಿ ನಡುನಡುವೆ ನಗುತ್ತಿತ್ತು. ನಾನು ಸುತ್ತ ನೋಡಿದೆ, ಹೆಣ ಎಲ್ಲಿ ಕೂರಿಸಿದ್ದಾರೆಂದು. ಎಲ್ಲೂ ಕಾಣಲಿಲ್ಲ. ಕಾಣದೆ ಇದ್ದದ್ದಕ್ಕೇ ಇನ್ನಷ್ಟು ಹೆದರಿ ಅಪ್ಪನ ಧೋತರ ಹಿಡಿದುಕೊಂಡೆ.

"ಅಪ್ಪಾ, ಯಾರು ಸತ್ತಾರ?"

"ಯಾರೂ ಸತ್ತಿಲ್ಲ. ಇವ್ರು ಈ ಹಾಡಿಗಿ ಕುಣೀತಾರ," ಎಂದ ಅಪ್ಪ.

"ಹೆಣದ ಮುಂದ?"

"ಹುಚ್ಚಿ! ಬದುಕಿದವ್ರ ಮುಂದ," ಎಂದು ನಕ್ಕು, ಹಾಡು ಮುಗಿಯುವವರೆಗೂ ಕಣ್ಣು ಮುಚ್ಚಿ ನಿಂತ. ಹಾಡು ನಿಲ್ಲುವ ಜಾಗ ಬಂದಾಗ ಅವನ ತಲೆ ನೆಟ್ಟಗಾಯಿತು. ಆಮೇಲೆ ಬಾಗಿತು.

ಆ ಹೊತ್ತಿನಿಂದ ಆ ಹಾಡನ್ನು ಕಂಡರೆ ನನಗೆ ಭಯ, ಅಷ್ಟೇ ಮೋಹ. ಮದುವೆಯಾಗಿ ಜಹೀರಾಬಾದಿಗೆ ಬಂದ ಮೇಲೆ ಕದ್ದು ಕೇಳುತ್ತಿದ್ದೆ, ಮೊದಲು ಟೇಪಿನಲ್ಲಿ, ಈಗ ಫೋನಿನಲ್ಲಿ. ರೊಟ್ಟಿ ಬಡಿಯುವಾಗ ಕಿವಿಗೆ ಸಿಕ್ಕಿಸಿಕೊಂಡರೆ ಕೈ ತಾನೇ ಆ ತಾಳಕ್ಕೆ ಬೀಳುತ್ತದೆ. ಎಷ್ಟೋ ಡಿಸ್ಕೋ ಹಾಡುಗಳು ಬಂದು ಹೋದವು, ಎಲ್ಲ ಗದ್ದಲ. ಇದೊಂದಕ್ಕೆ ಮಾತ್ರ ಸುಮ್ಮನಾಗುವುದು ಗೊತ್ತಿತ್ತು. ಆ ಹೆಂಗಸಿನ ದನಿ ತಿದ್ದಿ ತೀಡಿದ ದನಿಯಲ್ಲ, ಸ್ವಲ್ಪ ಒಡಕು. ಅವಳು ಉಸಿರೆಳೆದುಕೊಳ್ಳುವಾಗ ಹಿಂದೆ ಬಾಗಿಲ ಹತ್ತಿರ ಯಾರೋ ಬಂದು ನಿಂತ ಹಾಗಾಗಿ ಎಷ್ಟೋ ಸಲ ತಿರುಗಿ ನೋಡಿದ್ದೇನೆ. ಯಾರೂ ಇರುತ್ತಿರಲಿಲ್ಲ, ಆದರೂ ಮುಂದಿನ ಸಲ ತಿರುಗಿ ನೋಡುತ್ತಿದ್ದೆ.

ಅಪ್ಪ ಹೋದದ್ದು ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ. ಬೆಳಿಗ್ಗೆ ರೊಟ್ಟಿ ತಿಂದು, ಸ್ವಲ್ಪ ಅಡ್ಡಾಗುತ್ತೇನೆ ಎಂದವನು ಏಳಲಿಲ್ಲ. ಜೀಪಿನಲ್ಲಿ ನಾರಾಯಣಖೇಡಕ್ಕೆ ಒಯ್ದರು. ಡಾಕ್ಟರು ನೋಡಿ, ಜೀವ ಹೋಗಿದೆ ಎಂದರು. ಅದೇ ಜೀಪಿನಲ್ಲಿ ವಾಪಸ್ಸು ತಂದರು. ನಾನು ಊರು ಮುಟ್ಟುವ ಹೊತ್ತಿಗೆ ಕೂರಿಸಿಯಾಗಿತ್ತು. ಕೈ ಹಿಡಿದೆ, ಬೆಚ್ಚಗಿತ್ತು. ಆ ಬಿಸಿಲಿಗೆ ಅಂಗಳದ ಕಲ್ಲೂ ಬೆಚ್ಚಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನ ಟ್ರ್ಯಾಕ್ಟರಿನ ಟ್ರ್ಯಾಲಿಯಲ್ಲಿ ವಿಮಾನ ಇಟ್ಟು ಅಪ್ಪನನ್ನು ಕೂರಿಸಿದರು. ಒಂದು ಬದಿ ಅವ್ವ, ಒಂದು ಬದಿ ನಾನು. ಹಿಂದೆ ಮಂಡಳಿಯವರು ಅಪ್ಪನ ಹಾಡನ್ನೇ ಹಾಡುತ್ತ ನಡೆದರು. ಹೊಲದ ದಾರಿಯ ತುಂಬ ಕಲ್ಲು. ಹಣೆಗೆ ಕಟ್ಟಿದ ಬಟ್ಟೆ ಸಡಿಲಾಗಿತ್ತು, ಟ್ರ್ಯಾಲಿ ಕುಲುಕಿದಂತೆ ಅಪ್ಪನ ತಲೆ ಅಲ್ಲಾಡುತ್ತಿತ್ತು. ಅದರಲ್ಲಿ ವಿಶೇಷವೇನೂ ಇರಲಿಲ್ಲ.

ಆದರೆ ಹಿಂದಿನವರು "ನಿಲ್ಲೋ" ಎಂದು ನಿಲ್ಲಿಸಿದಾಗ ಅಪ್ಪನ ತಲೆಯೂ ನಿಂತಿತು. ಟ್ರ್ಯಾಕ್ಟರು ನಿಂತಿರಲಿಲ್ಲ, ಕಲ್ಲು ಮುಗಿದಿರಲಿಲ್ಲ. ನನ್ನ ಮೈ ಕುಲುಕುತ್ತಿತ್ತು, ಅವ್ವನ ಕೈಬಳೆ ಕುಲುಕುತ್ತಿದ್ದವು. ಅಪ್ಪನ ತಲೆ ಮಾತ್ರ ನೆಟ್ಟಗಿತ್ತು. ಆಮೇಲೆ ಬಾಗಿತು, ತಾಳ ಬಿದ್ದಿತು. ಮುಂದಿನ ನುಡಿಗೂ ಹಾಗೆಯೇ ಆಯಿತು. ಅದರ ಮುಂದಿನದಕ್ಕೂ ಹಾಗೆಯೇ. ತಾಳ ಕೇಳಿ ತಲೆ ಬಾಗುತ್ತಿತ್ತೋ, ತಲೆ ಬಾಗಿದ್ದು ನೋಡಿ ತಾಳ ಬೀಳುತ್ತಿತ್ತೋ ನನಗೆ ತಿಳಿಯಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವ್ವ ಅಪ್ಪನ ತಲೆಯನ್ನೇ ನೋಡುತ್ತಿದ್ದಳು. ಹೊಲದಲ್ಲಿ ಕ್ರಿಯೆ ಮಾಡಿಸುವ ಅಯ್ಯನವರು ಬಟ್ಟೆ ಬಿಗಿದು ಕಟ್ಟಿ, ಮಾಡಬೇಕಾದ್ದನ್ನೆಲ್ಲ ಮಾಡಿ ಒಳಗೆ ಇಳಿಸಿದರು. ನಾವು ಮಣ್ಣು ಹಾಕಿದೆವು.

ಕರ್ಮವೆಲ್ಲ ಮುಗಿದು ನೆಂಟರು ಹೋದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ನಿಮ್ಮಪ್ಪನ ತಲಿ ನೋಡಿದಿ?"

"ಟ್ರ್ಯಾಲಿ ಕುಲುಕ್ತಿತ್ತವ್ವಾ."

"ಜೀವ ಇತ್ತೇನೋ," ಎಂದಳು ಅವ್ವ. "ಜೀವ ಇದ್ದವನ ಮ್ಯಾಲ ಮಣ್ಣ ಹಾಕಿದೆವೇನೋ."

ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ, ಹುಟ್ಟುಗುಣ. "ಡಾಕ್ಟರ್ ನೋಡ್ಯಾನ, ಅಯ್ನೋರು ನೋಡ್ಯಾರ, ಊರೇ ನೋಡ್ಯಾದ. ನೀ ಒಬ್ಬಾಕಿ ಶಾಣ್ಯಾಕಿ!" ಎಂದು ಕೂಗಾಡಿದೆ. ಅವ್ವ ಮತ್ತೆ ಬಾಯಿ ತೆರೆಯಲಿಲ್ಲ. ಬಾಯಿ ತೆರೆಯಲಿಲ್ಲ ಅಷ್ಟೇ, ಆ ಮಾತು ಅವಳನ್ನು ಬಿಡಲಿಲ್ಲ.

ಅಮಾವಾಸ್ಯೆಗೆ ಸಮಾಧಿಗೆ ಹೋದರೆ ನಾವು ಕಾಯಿ ಒಡೆಯುವಾಗ ಅವಳು ಮೇಲಿನ ಬಂಡೆಗೆ ಕಿವಿ ಇಟ್ಟು ಕೂತಿರುತ್ತಿದ್ದಳು. ಅಳುತ್ತಾಳೆ ಎಂದು ಜನ ಅಂದುಕೊಳ್ಳುತ್ತಿದ್ದರು. ಅವಳು ಅಳುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು. ನಾನೊಬ್ಬಳೇ ಮಗಳಾದ್ದರಿಂದ ನನ್ನ ಮನೆಗೇ ಕರೆತಂದೆ. ಇಲ್ಲಿ ಬಂದ ಮೇಲೂ ಮುಖದ ಮೇಲೆ ಹೊದಿಕೆ ಎಳೆದುಕೊಳ್ಳುವುದಿಲ್ಲ, ಬಚ್ಚಲಿನ ಬಾಗಿಲು ಹಾಕಿಕೊಳ್ಳುವುದಿಲ್ಲ. ಒಂದು ದಿನ ಸೊಪ್ಪು ಸೋಸುತ್ತ, ಬೆಲೆ ಕೇಳುವ ದನಿಯಲ್ಲಿ ಕೇಳಿದಳು: "ಮಣ್ಣಾಗ ಕುಂತಾವಗ ಎಷ್ಟೊತ್ತು ಉಸಿರ ಇರ್ತದ?" ನಾನು ಎದ್ದು ಒಳಗೆ ಹೋದೆ. ಅಂದಿನಿಂದ ನನ್ನ ದೊಡ್ಡ ಚಿಂತೆ ಒಂದೇ ಆಗಿತ್ತು. ಈ ಮುದುಕಿ ಹೀಗೆ ಅಂದುಕೊಂಡೇ ಕಣ್ಣು ಮುಚ್ಚಬಾರದು. ಆದರೆ ನಾನು ಏನು ಹೇಳಿದರೆ ನಂಬುತ್ತಾಳೆ? ನಾನೇ ನಂಬಿರಲಿಲ್ಲ.

ಟ್ರ್ಯಾಕ್ಟರಿನ ಇಂಜಿನ್ನಿಗೂ ಒಂದು ತಾಳವಿರುತ್ತದೆ, ಹಾಡುವವರು ಅದಕ್ಕೆ ಹೊಂದಿಕೊಂಡಿರಬಹುದು, ಬಟ್ಟೆ ಎಲ್ಲೋ ಸಿಕ್ಕಿಕೊಂಡು ತಲೆ ನಿಂತಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಿವಿಗೆ ಹಾಡು ಹಾಕಿಕೊಂಡು, ಕಣ್ಣು ಮುಚ್ಚಿ, ಆ ದಾರಿಯನ್ನು ಮತ್ತೆ ಮತ್ತೆ ನೆನೆಸಿಕೊಂಡಿದ್ದೇನೆ. ಪ್ರತಿ ಸಲವೂ ತಲೆ ನಿಲ್ಲಬೇಕಾದಲ್ಲೇ ನಿಲ್ಲುತ್ತದೆ.

ಈ ವರ್ಷ ನನ್ನ ಮಗಳ ಮದುವೆ. ತಾಂಡೂರಿನ ಬೀಗರು, ಬಂಡೆ ಪಾಲಿಶ್ ಮಾಡಿಸಿ ಮಾರುವ ವ್ಯಾಪಾರ, ನಗುಮುಖದ ದೊಡ್ಡ ಮನುಷ್ಯರು. ಅಪ್ಪ ಹೋದ ಮೇಲೆ ಯಾವ ಮದುವೆಗೂ ಹೋಗದಿದ್ದ ಅವ್ವ, ಮೊಮ್ಮಗಳ ಮದುವೆಗೆ ಬರುತ್ತೇನೆ ಎಂದಿದ್ದಳು. ಮದುವೆಯ ಮಾತಿಗೆ ಬಂದ ಬೀಗರು ಒಂದು ಆಸೆ ಹೇಳಿಕೊಂಡರು.

"ನಮ್ಮದೊಂದು ಹುಚ್ಚದರಿ ಅಕ್ಕಾರೆ. ಕಾಲೇಜಿದ್ದಾಗ ಹೈದ್ರಾಬಾದ್‌ನಾಗ ಒಂದ್ ಹೋಟೆಲ್ ಕ್ಲಬ್ಬಿನಾಗ ಒಂದ್ ಹಾಡಿಗಿ ಕುಣಿತಿದ್ದೆ. ಮಗನ ಲಗ್ನದಾಗ ಅದಕ್ಕೊಮ್ಮಿ ಕುಣೀಬೇಕಂತ ಅದ."

ಯಾವ ಹಾಡು ಎಂದು ಕೇಳಿದೆ. ಹೇಳಿದರು. ಅಪ್ಪನ ಹಾಡೇ.

"ಅದೊಂದು ಬ್ಯಾಡ್ರಿ ಬೀಗರೆ. ಬ್ಯಾರೆ ಯಾವುದಾದ್ರೂ ಹಚ್ಚಿಸ್ರಿ," ಎಂದೆ. ಕಾರಣ ಹೇಳಲಿಲ್ಲ. ಮದುವೆಯ ಮಾತಿನ ನಡುವೆ ಹೆಣದ ಸುದ್ದಿ ಯಾರು ತೆಗೆಯುತ್ತಾರೆ?

"ಆತ್ರಿ, ನೀವಂದಂಗೇ ಆಗ್ಲಿ," ಎಂದರು. ಮುಖ ಮಾತ್ರ ಸಣ್ಣದಾಯಿತು.

ಆ ಸಣ್ಣ ಮುಖವನ್ನು ನನ್ನ ಮಗಳು ನೋಡಿಬಿಟ್ಟಿದ್ದಳು. ಅಜ್ಜಿಯ ಕಥೆ ಅವಳಿಗೇನು ಗೊತ್ತು? ಮಾವನ ಮನಸ್ಸು ಗೆಲ್ಲಬೇಕೆಂದು, ನನಗೆ ತಿಳಿಯದ ಹಾಗೆ ಡಿ.ಜೆ.ಯವನಿಗೆ ಹೇಳಿಟ್ಟಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಆ ಹಾಡು ಅವ್ವನ ಕಿವಿಗೆ ಬೀಳುವುದೇ ಇತ್ತು.

ಅಕ್ಷತೆ ಬಿದ್ದು, ಜನ ಊಟಕ್ಕೆ ಏಳುವ ಹೊತ್ತು. ಹೆದ್ದಾರಿ ಪಕ್ಕದ ಫಂಕ್ಷನ್ ಹಾಲು, ಹೊರಗೆ ಬಟಾಬಯಲಿನ ಬಿಸಿಲು. ನಾನು ಬೀಗರ ಕಡೆಯ ಹೆಂಗಸರಿಗೆ ಉಡಿ ತುಂಬುತ್ತಿದ್ದೆ. ಧಡ್ ಎಂದು ಮೊದಲ ಡ್ರಮ್ಮು ಬಿದ್ದಿತು. ಅಕ್ಕಿ ನನ್ನ ಬೊಗಸೆಯಿಂದ ಜಾರಿಹೋಯಿತು.

ಬೀಗರು ಮಗುವಿನ ಹಾಗೆ ಕೇಕೆ ಹಾಕಿ ನಡುವೆ ಬಂದರು. ಅವರ ಕಡೆಯವರೆಲ್ಲ ಸುತ್ತ ಕೂಡಿ ಕುಣಿಯತೊಡಗಿದರು. ಇನ್ನೊಂದು ಬದಿಯ ಕುರ್ಚಿಗಳಲ್ಲಿ ನನ್ನ ತವರಿನವರು ಕೂತಿದ್ದರು. ಅವರು ಒಬ್ಬೊಬ್ಬರಾಗಿ ಎದ್ದರು. ಚಪ್ಪಲಿ ಬಿಟ್ಟರು. ರುಮಾಲು ತೆಗೆದು ಕಂಕುಳಿಗಿಟ್ಟರು. ಕೈಮುಗಿದು, ತಲೆ ತಗ್ಗಿಸಿ ಸಾಲಾಗಿ ನಿಂತರು. ಅರ್ಧ ಹಾಲು ಕುಣಿಯುತ್ತಿತ್ತು, ಅರ್ಧ ಹಾಲು ಸತ್ತವರಿಗೆ ಕೈ ಮುಗಿಯುತ್ತಿತ್ತು. ನಡುವಿನ ಹಾದಿಯಲ್ಲಿ ನಾನೊಬ್ಬಳು. ನನ್ನ ಸೋದರಮಾವ ನನ್ನ ಸೆರಗು ಹಿಡಿದು, ಮೆಲ್ಲಗೆ, "ಯಾರನ್ನ ಕುಂಡ್ರಿಸ್ಯಾರವಾ? ನಮಗ್ಯಾಕ ಯಾರೂ ಹೇಳಿಲ್ಲ?" ಎಂದರು. ಒಂದು ಕ್ಷಣ ನನಗೂ ಯಾರನ್ನೋ ಕೂರಿಸಿದ್ದಾರೆ ಅನ್ನಿಸಿತು. ವೇದಿಕೆಯ ಮೇಲೆ ಹೂವಿನ ನಡುವೆ ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದವಳು ನನ್ನ ಮಗಳು.

ನಾನು ಅವ್ವನ ಕಡೆ ಓಡಿದೆ. ಇವತ್ತೇ ಇವಳ ಎದೆ ಒಡೆದುಹೋಗುತ್ತದೆ ಅಂದುಕೊಂಡೆ. ಅವ್ವ ಎದ್ದಿರಲಿಲ್ಲ, ಕೈಯನ್ನೂ ಮುಗಿದಿರಲಿಲ್ಲ. ಕುರ್ಚಿಯ ಅಂಚಿಗೆ ಸರಿದು, ಕುಣಿಯುತ್ತಿದ್ದ ಬೀಗರ ಮೇಲೆ ಕಣ್ಣು ನೆಟ್ಟಿದ್ದಳು. "ನಡಿಯವ್ವಾ, ಹೊರಗ ಹೋಗಮಿ," ಎಂದು ತೋಳು ಹಿಡಿದೆ. "ತಡಿ," ಎಂದಳು.

ಹಾಡು ನಿಲ್ಲುವ ಜಾಗಕ್ಕೆ ಬಂತು. ಎಲ್ಲ ನಿಂತಿತು. ಅಷ್ಟು ದೊಡ್ಡ ಹಾಲಿನಲ್ಲಿ ಆ ಹೆಂಗಸು ಉಸಿರೆಳೆದುಕೊಂಡದ್ದು ನನ್ನ ಕುತ್ತಿಗೆಯ ಹಿಂದೆಯೇ ಕೇಳಿಸಿತು. ಕುಣಿಯುವವರು ಕೈ ಮೇಲೆತ್ತಿ ಹಾಗೆಯೇ ನಿಂತರು. ಬೀಗರು ಮಾತ್ರ ನಿಲ್ಲಲಿಲ್ಲ. ಕುಣಿತದ ಭರಕ್ಕೆ ಅವರ ತಲೆ ಲೊಟಲೊಟ ಅಲ್ಲಾಡುತ್ತಲೇ ಇತ್ತು. ಮತ್ತೆ ತಾಳ ಬಿದ್ದಿತು.

ಅವ್ವ ಸಣ್ಣಗೆ ನಕ್ಕಳು. ಎಷ್ಟೋ ವರ್ಷಗಳ ಮೇಲೆ ನೋಡಿದ ನಗು.

"ನೋಡು, ನಿಲ್ಲೋ ಅಂದ್ರೂ ನಿಲ್ಲವಲ್ದು ಅವನ ತಲಿ. ಬೀಗಗ ತಾಳ ತಿಳೀದು." ನನ್ನ ಕೈ ಹಿಡಿದುಕೊಂಡಳು. "ಅವತ್ತು ನಿಮ್ಮಪ್ಪಂದೂ ಹಿಂಗೇ ಅಲ್ಲಾಡ್ತಿತ್ತು. ನಿಲ್ಲೋ ಅಂದಾಗೂ ಅಲ್ಲಾಡ್ತಿತ್ತು. ಹೌದಿಲ್ಲೋ?"

ನಾನು ಬೀಗರ ಕಡೆ ನೋಡಿದೆ.

"ಬದುಕಿದ್ರ ನಿಲ್ಲಿಸ್ತಿದ್ದ," ಎಂದಳು ಅವ್ವ. "ಅವ ಅಲ್ಲಿ ಎಂದೂ ತಪ್ಪಿದವಲ್ಲ. ನಿದ್ದಿಗಣ್ಣಾಗೂ ತಪ್ಪಿದವಲ್ಲ. ಅಂದ್ಮ್ಯಾಲ ಆಗ್ಲೇ ಹೋಗಿದ್ದ. ಖರೇನೇ ಹೋಗಿದ್ದ." ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಗಂಡ ಸತ್ತದ್ದಕ್ಕೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. "ನೀನೂ ನೋಡೀದಿ. ಹೇಳು, ಅಲ್ಲಾಡ್ತಿತ್ತು ಹೌದಿಲ್ಲೋ?"

ನೆಟ್ಟಗೆ ನಿಂತ ಆ ತಲೆ ನನ್ನ ಕಣ್ಣ ಮುಂದಿತ್ತು. "ಹೌದವ್ವಾ," ಎಂದೆ. "ಅಲ್ಲಾಡ್ತಿತ್ತು. ನಾನೂ ನೋಡೀನಿ."

ಅವ್ವ ದೊಡ್ಡದಾಗಿ ಉಸಿರು ಬಿಟ್ಟಳು. "ನಡಿ, ಹಸಿವ್ಯಾಗ್ಯಾದ," ಎಂದು ನನ್ನ ತೋಳು ಹಿಡಿದು ಎದ್ದಳು. ಹಾಡು ಇನ್ನೂ ಮುಗಿದಿರಲಿಲ್ಲ. ನಿಲ್ಲುವ ಜಾಗ ಇನ್ನೊಮ್ಮೆ ಬರುವುದಿತ್ತು. ಅದು ಬರುವ ಮೊದಲೇ ಅವಳನ್ನು ಬೇಗಬೇಗ ಊಟದ ಕೋಣೆಗೆ ಕರೆದುಕೊಂಡು ಹೋದೆ.